ಇಜಿಆರ್ ವಾಲ್ವ್ ಬದಲಿಸುವ ಮೊದಲು ದಾವಣಗೆರೆಯ ಈ ಶೆಡ್‌ಗೆ ಒಮ್ಮೆ ಹೋಗಿ

ಸೇಲಂನಲ್ಲಿ ಸಬ್ಬಕ್ಕಿ ತುಂಬಿಕೊಂಡು ವಾಪಸ್ ಬರುವಾಗ ತೊಪ್ಪೂರು ಘಾಟಿ ಹತ್ತಬೇಕು. ನಾಮಕ್ಕಲ್ ಕಡೆಗೆ ಹೋಗುವಾಗ ಅದು ಇಳಿಜಾರು. ಎಲ್ಲರೂ ಹೆದರುವುದು ಆ ಇಳಿಜಾರಿಗೇ. ಹತ್ತುವಾಗ ನನಗೆ ಯಾವತ್ತೂ ಕಷ್ಟ ಆಗಿರಲಿಲ್ಲ. ಆ ದಿನ ಮಾತ್ರ ನಾಲ್ಕನೇ ಗೇರಿನಲ್ಲಿ ಏರುತ್ತಿದ್ದ ಗಾಡಿ ಮೂರಕ್ಕೆ ಬಂತು, ಆಮೇಲೆ ಎರಡಕ್ಕೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಳೆತ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಗಾಡಿಯೇ ಕಾಣದಷ್ಟು ಕಪ್ಪು ಹೊಗೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ಲೈಟ್ ಹತ್ತಿಕೊಂಡಿತ್ತು.

ನನ್ನದು 2018ರ ಬಿಎಸ್4 ಗಾಡಿ (ಬಿಎಸ್ ಅಂದರೆ ಗಾಡಿ ಹೊಗೆಗೆ ಸರ್ಕಾರ ಹಾಕಿದ ಮಿತಿ). ಹತ್ತು ಚಕ್ರ, ಆರು ಸಿಲಿಂಡರ್ ಇಂಜಿನ್, ಹೊಗೆ ಶುದ್ಧ ಮಾಡಲು ಬಳಸುವ ಯೂರಿಯಾ ಟ್ಯಾಂಕ್ ಇಲ್ಲ. ದೇಶಕ್ಕೆಲ್ಲ ಬಿಎಸ್4 ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಮಧ್ಯದ ಮೂರು ವರ್ಷದಲ್ಲಿ ಬಂದ ಲಾರಿಗಳಲ್ಲಿ ಕೆಲವಕ್ಕೆ ಯೂರಿಯಾ ಇತ್ತು, ಕೆಲವಕ್ಕೆ ಇಜಿಆರ್ ಮಾತ್ರ, ಅಂದರೆ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೇ ಕಳಿಸುವ ಏರ್ಪಾಡು. ನನ್ನದು ಎರಡನೇ ಜಾತಿ. ಹೋಗುವಾಗ ದಾವಣಗೆರೆ ಕಡೆಯ ಮೆಕ್ಕೆಜೋಳ, ನಾಮಕ್ಕಲ್‌ನ ಕೋಳಿ ಆಹಾರದ ಮಿಲ್ಲಿಗೆ. ಬರುವಾಗ ಸಿಕ್ಕಿದ ಲೋಡು. ಗಾಡಿ ನನ್ನದೇ, ಓಡಿಸುವವನೂ ನಾನೇ. ಗಾಡಿ ನಿಂತರೆ ಮನೆಯ ಒಲೆಯೂ ನಿಂತ ಹಾಗೆ.

ಊರಿಗೆ ಬಂದವನೇ ಒಂದು ವರ್ಕ್‌ಶಾಪಿಗೆ ಬಿಟ್ಟೆ. ಯಾವುದು ಅಂತ ಹೇಳುವುದಿಲ್ಲ, ದೊಡ್ಡದೇ. ಸ್ಕ್ಯಾನರ್ ಹಾಕಿದರು, ಪಿ0401 ಅಂತ ಕೋಡ್ ಬಂತು. ಇಜಿಆರ್ ಹರಿವು ಸಾಲದು ಅಂತ ಅದರ ಅರ್ಥ. ‘ವಾಲ್ವ್ ಹೋಗಿದೆ, ಹೊಸದು ಹಾಕ್ಬೇಕು’ ಅಂದರು. ಐದು ನಿಮಿಷದ ಮಾತು. ವಾಲ್ವ್ 34,000, ಕೂಲಿ 3,500. ಕೊಟ್ಟೆ. ಲೈಟ್ ಆರಿತು. ಖುಷಿಯಿಂದ ಲೋಡ್ ಹಾಕಿಕೊಂಡು ಹೊರಟೆ. ನಾಮಕ್ಕಲ್‌ನಲ್ಲಿ ಇಳಿಸಿ ಬರುವಾಗ ಅದೇ ತೊಪ್ಪೂರು, ಅದೇ ಹೊಗೆ, ಅದೇ ಕೋಡ್.

ಮತ್ತೆ ಹೋದರೆ ಅವರು ಹೇಳಿದ್ದು, ‘ಹಾಗಾದ್ರೆ ಇಸಿಎಂ ನೋಡ್ಬೇಕು’. ಇಸಿಎಂ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್. ಇನ್ನೊಬ್ಬರು ಗುಟ್ಟಾಗಿ ಹೇಳಿದ್ದು, ‘ಸುಮ್ನೆ ಒಂದು ಡಮ್ಮಿ ಪ್ಲೇಟ್ ಹೊಡೆದುಬಿಡಿ, ಸಾಫ್ಟ್‌ವೇರಿನಲ್ಲಿ ಇಜಿಆರ್ ತೆಗೆಸಿಬಿಡಿ’. ಅಂದರೆ ಇಜಿಆರ್ ದಾರಿಗೆ ಒಂದು ತಗಡು ಅಡ್ಡ ಹಾಕಿ ಮುಚ್ಚಿಬಿಡುವುದು. ನಿಜ ಹೇಳಬೇಕಂದ್ರೆ ಅವತ್ತು ಪ್ಲೇಟ್ ಹೊಡೆಸಲು ಮನಸ್ಸು ಮಾಡಿಯಾಗಿತ್ತು. ಅಷ್ಟರಲ್ಲಿ ಚಿತ್ರದುರ್ಗದ ಡ್ರೈವರ್ ಗೆಳೆಯನೊಬ್ಬ ಈ ಶೆಡ್‌ನ ದಾರಿ ಹೇಳಿದ.

ದಾವಣಗೆರೆಯಿಂದ ಹರಿಹರದ ಕಡೆ ಹೋಗುವ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿದೆ. ಬೋರ್ಡ್ ಇಲ್ಲ. ತಗಡಿನ ಶೆಡ್, ಮುಂದೆ ಒಂದು ಬೇವಿನ ಮರ. ಒಟ್ಟಿಗೆ ಮೂರು ಲಾರಿ ನಿಂತರೆ ಜಾಗ ಮುಗಿಯಿತು. ಮೇಸ್ತ್ರಿ, ಅವರ ತಮ್ಮ, ಇಬ್ಬರು ಹುಡುಗರು. ಮೇಸ್ತ್ರಿ ತಮ್ಮ ಹೆಸರು, ಫೋನ್ ನಂಬರ್ ಎಲ್ಲೂ ಹಾಕಬೇಡಿ ಅಂದಿದ್ದಾರೆ, ಅದಕ್ಕೇ ಹಾಕಿಲ್ಲ.

ನಾನು ಹೋದ ಕೂಡಲೇ ಕೋಡ್ ಹೇಳಿದೆ, ವಾಲ್ವ್ ಬದಲಿಸಿದ್ದೂ ಹೇಳಿದೆ. ಅವರು ಸ್ಕ್ಯಾನರ್ ಮುಟ್ಟಲೇ ಇಲ್ಲ. ಮೊದಲು ಕೇಳಿದ್ದು ಇದು: ‘ಅಣ್ಣಾ, ಗಾಡಿ ನೀರು ಎಷ್ಟು ಕುಡೀತಿದೆ?’

ನನಗೆ ಆಶ್ಚರ್ಯ ಆಯ್ತು. ಒಂದು ಟ್ರಿಪ್‌ಗೆ ಒಂದು ಲೀಟರ್ ಹತ್ತಿರ ನೀರು ಕಡಿಮೆ ಆಗುತ್ತಿದ್ದದ್ದು ನಿಜ. ಎಲ್ಲೂ ಸೋರುವುದು ಕಾಣುತ್ತಿರಲಿಲ್ಲ, ಹಾಗಾಗಿ ಯಾರಿಗೂ ಹೇಳಿರಲಿಲ್ಲ. ಹಿಂದಿನ ವರ್ಕ್‌ಶಾಪಿನಲ್ಲಿ ಯಾರೂ ಕೇಳಿರಲೂ ಇಲ್ಲ. ಆಮೇಲೆ ಒಂದೊಂದೇ ಕೇಳುತ್ತಾ ಹೋದರು. ಹೊಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರುತ್ತಾ, ಏರಿನಲ್ಲಿ ಬರುತ್ತಾ? ಖಾಲಿ ಗಾಡಿಯಲ್ಲಿ ಎಳೆತ ಹೇಗಿದೆ? ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಹತ್ತಿರ ಸಿಳ್ಳೆ ಹೊಡೆದ ಹಾಗೆ ಸದ್ದು ಇದೆಯಾ? ರೇಡಿಯೇಟರ್‌ಗೆ ಯಾವ ನೀರು ಹಾಕ್ತೀರಿ? ಕೊನೆಯ ಪ್ರಶ್ನೆಗೆ ‘ಬೋರ್ ನೀರು’ ಅಂದೆ. ಅವರು ಏನೂ ಹೇಳಲಿಲ್ಲ, ತಮ್ಮನ ಮುಖ ನೋಡಿದರು.

ಇಜಿಆರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಅವರು ನನಗೆ ಹೇಳಿದ ರೀತಿಯಲ್ಲೇ ಹೇಳುತ್ತೇನೆ. ಇಂಜಿನ್ ಬಿಟ್ಟ ಹೊಗೆಯಲ್ಲಿ ಸ್ವಲ್ಪ ಭಾಗವನ್ನು ತಣ್ಣಗೆ ಮಾಡಿ ಮತ್ತೆ ಇಂಜಿನ್ನಿಗೇ ಕುಡಿಸುವುದು. ಆ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಅದು ಸೇರಿದಾಗ ಸಿಲಿಂಡರ್ ಒಳಗಿನ ಉರಿಯ ಬಿಸಿ ಇಳಿಯುತ್ತದೆ. ಉರಿ ಜಾಸ್ತಿ ಬಿಸಿಯಾದರೆ ಗಾಳಿಯಲ್ಲಿರುವ ಸಾರಜನಕವೂ ಸುಟ್ಟು ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಅದು ಎದೆಗೆ ಕೆಟ್ಟದ್ದು. ಅದನ್ನು ತಡೆಯಲಿಕ್ಕೇ ಈ ಏರ್ಪಾಡು. ಬಿಸಿ ಹೊಗೆಯನ್ನು ತಣ್ಣಗೆ ಮಾಡಲು ಒಂದು ಕೂಲರ್ ಇದೆ. ಅದರ ನಳಿಗೆಗಳ ಒಳಗೆ ಹೊಗೆ, ಸುತ್ತ ರೇಡಿಯೇಟರ್ ನೀರು. ಎಷ್ಟು ಹೊಗೆ ಬಿಡಬೇಕು ಅಂತ ವಾಲ್ವ್ ನೋಡಿಕೊಳ್ಳುತ್ತದೆ. ವಾಲ್ವ್‌ಗೆ ಆರ್ಡರ್ ಕೊಡುವುದು ಇಸಿಎಂ.

ಪ್ಲೇಟ್ ಹೊಡೆಸುವ ಮಾತು ತೆಗೆದೆ. ಮೇಸ್ತ್ರಿ ನೇರವಾಗಿ ಹೇಳಿದರು: ‘ಅದು ನನ್ನ ಶೆಡ್‌ನಲ್ಲಿ ಆಗಲ್ಲ ಅಣ್ಣಾ. ಕಂಪನಿ ಕೊಟ್ಟಿದ್ದನ್ನ ಬದಲಾಯಿಸೋದು ಮೋಟಾರು ಕಾಯ್ದೆ 52ನೇ ಸೆಕ್ಷನ್ ಪ್ರಕಾರ ತಪ್ಪು. ಅದು ಬಿಡಿ, ನಿಮ್ಮ ಗಾಡಿ ನೀರು ಕುಡೀತಿದೆ. ಪ್ಲೇಟ್ ಹೊಡೆದ್ರೆ ನೀರು ಕುಡಿಯೋದು ನಿಲ್ಲುತ್ತಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಸ್ಕ್ಯಾನರ್ ಬಂತು. ಕೋಡ್ ಓದಿ ಪಕ್ಕಕ್ಕೆ ಇಡಲಿಲ್ಲ, ಲೈವ್ ಡೇಟಾ ತೆರೆದರು. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ತೋರಿಸಿದರು. ಇಸಿಎಂ ವಾಲ್ವ್‌ಗೆ ಎಷ್ಟು ತೆರೆ ಅಂತ ಹೇಳುತ್ತಿದೆ, ವಾಲ್ವ್ ನಿಜವಾಗಿ ಎಷ್ಟು ತೆರೆಯುತ್ತಿದೆ, ಎರಡೂ ಅಕ್ಕಪಕ್ಕ ಕಾಣುತ್ತದೆ. 40 ಅಂದರೆ 39ಕ್ಕೆ ತೆರೆಯುತ್ತಿತ್ತು, 0 ಅಂದರೆ 0. ವಾಲ್ವ್ ಚೆನ್ನಾಗಿದೆ ಅಂತ ಅಲ್ಲೇ ಗೊತ್ತಾಯಿತು. ಹಳೇ ವಾಲ್ವ್ ಅನ್ನು ಗೋಣಿಚೀಲದಲ್ಲಿ ಸುತ್ತಿ ಕ್ಯಾಬಿನ್‌ನಲ್ಲೇ ಇಟ್ಟಿದ್ದೆ. ಅದನ್ನೂ ಇಸಿದುಕೊಂಡರು. ಮಸಿ ತೊಳೆದು, ಹೊಸದನ್ನು ಬಿಚ್ಚಿ ಆ ಕನೆಕ್ಟರ್‌ಗೆ ಇದನ್ನು ಸಿಕ್ಕಿಸಿ, ಸ್ಕ್ಯಾನರ್‌ನಿಂದ ಆರ್ಡರ್ ಕೊಟ್ಟರು. ಟಕ್ ಅಂತ ತೆರೆಯಿತು, ಟಕ್ ಅಂತ ಮುಚ್ಚಿತು. ನನ್ನ 37,500 ರೂಪಾಯಿ ಕಣ್ಣೆದುರು ಬಂತು. ಅವರು ಒಂದು ಮಾತೂ ಆಡಿಕೊಳ್ಳಲಿಲ್ಲ. ‘ಇದನ್ನ ಸ್ಪೇರ್ ಇಟ್ಕೊಳ್ಳಿ, ಕೆಲಸಕ್ಕೆ ಬರುತ್ತೆ’ ಅಂದರು ಅಷ್ಟೇ.

ಹೊಸ ವಾಲ್ವ್ ಮತ್ತೆ ಕೂರಿಸಿ ಒಂದು ಪರೀಕ್ಷೆ ಮಾಡಿದರು. ಅದು ನನಗೆ ತುಂಬಾ ಹಿಡಿಸಿತು, ಯಾಕೆಂದರೆ ಓದು ಕಡಿಮೆ ಇರುವ ನನ್ನಂಥವನಿಗೂ ಅರ್ಥ ಆಗುತ್ತದೆ. ಇಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು, ಒಳಗೆ ಹೋಗುವ ತಾಜಾ ಗಾಳಿ ಎಷ್ಟು ಅಂತ ನೋಡುವುದು. ಆಮೇಲೆ ಇಜಿಆರ್ ತೆರೆಯುವುದು. ಹೊಗೆ ಒಳಗೆ ಬಂದರೆ ಅಷ್ಟು ಜಾಗ ಅದು ಹಿಡಿಯುತ್ತದೆ, ತಾಜಾ ಗಾಳಿ ಕಡಿಮೆ ಆಗಲೇಬೇಕು. ನನ್ನ ಗಾಡಿಯಲ್ಲಿ ಗಂಟೆಗೆ 118 ಕೆಜಿ ಇದ್ದದ್ದು 114ಕ್ಕೆ ಬಂದು ನಿಂತಿತು. ಇಂಜಿನ್ ಸದ್ದೂ ಬದಲಾಗಲಿಲ್ಲ. ‘ಬಾಗಿಲು ತೆಗೀತಿದೆ, ಆದ್ರೆ ಬಾಗಿಲ ಹಿಂದಿನ ದಾರಿ ಕಟ್ಟಿದೆ’ ಅಂದರು ಮೇಸ್ತ್ರಿ.

ಇಷ್ಟಕ್ಕೇ ಕೂಲರ್ ಬಿಚ್ಚುತ್ತಾರೆ ಅಂದುಕೊಂಡೆ. ಇಲ್ಲ. ಏರಿನಲ್ಲಿ ಬರುವ ಕಪ್ಪು ಹೊಗೆಗೆ ಇದೊಂದೇ ಕಾರಣ ಸಾಲದು ಅಂದರು. ಟರ್ಬೊದ ಬಾಯಿಗೆ ಒಂದು ಮುಚ್ಚಳ ಹಾಕಿ, ಕಂಪ್ರೆಸರ್‌ನಿಂದ ಸ್ವಲ್ಪ ಗಾಳಿ ಕೊಟ್ಟು, ಹೋಸ್‌ಗಳಿಗೆಲ್ಲ ಸೋಪಿನ ನೀರು ಬಳಿದರು. ಟರ್ಬೊ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ನಿಂದ ಇಂಜಿನ್‌ಗೆ ಬರುವ ಹೋಸ್‌ನ ಕೆಳಭಾಗ, ಕ್ಲಾಂಪ್ ಪಕ್ಕದಲ್ಲಿ ನೊರೆ ಎದ್ದಿತು. ಕೈಯಿಂದ ಮಡಚಿದಾಗ ಬೆರಳುಗುರಿನಷ್ಟು ಸೀಳು ಬಾಯಿ ಬಿಟ್ಟಿತು. ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತದೆ, ಮೇಲಿಂದ ನೋಡಿದರೆ ಯಾರಿಗೂ ಕಾಣುವುದಿಲ್ಲ.

ಹೋಸ್ ಹರಿದರೆ ಇಜಿಆರ್ ಕೋಡ್ ಯಾಕೆ ಬರಬೇಕು? ಅವರು ಹೇಳಿದ್ದು ಹೀಗೆ. ಗಾಳಿ ಅಳೆಯುವ ಸೆನ್ಸರ್ ಏರ್ ಫಿಲ್ಟರ್ ಹತ್ತಿರ ಇದೆ. ಅದನ್ನು ದಾಟಿದ ಗಾಳಿಯೆಲ್ಲ ಇಂಜಿನ್‌ಗೇ ಹೋಯಿತು ಅಂತ ಇಸಿಎಂ ನಂಬುತ್ತದೆ. ಮಧ್ಯದಲ್ಲಿ ಸೋರಿದರೆ ಸೆನ್ಸರ್ ಮಾತ್ರ ಜಾಸ್ತಿ ಗಾಳಿ ತೋರಿಸುತ್ತದೆ. ತಾಜಾ ಗಾಳಿ ಜಾಸ್ತಿ ಅಂದರೆ ಹೊಗೆ ಬರುತ್ತಿಲ್ಲ ಅಂತ ಇಸಿಎಂ ಲೆಕ್ಕ ಹಾಕಿ ಇಜಿಆರ್ ಮೇಲೆ ತಪ್ಪು ಹೊರಿಸುತ್ತದೆ. ಇತ್ತ ಇಲ್ಲದ ಗಾಳಿಯನ್ನು ನಂಬಿ ಡೀಸೆಲ್ ಬಿಡುತ್ತದೆ. ಡೀಸೆಲ್ ಪೂರ್ತಿ ಸುಡುವುದಿಲ್ಲ, ಕಪ್ಪು ಹೊಗೆ ಆಗಿ ಹೋಗುತ್ತದೆ. ಖಾಲಿ ಗಾಡಿಯಲ್ಲಿ ಟರ್ಬೊ ಒತ್ತಡ ಕಡಿಮೆ, ಸೀಳು ತೆರೆಯುವುದಿಲ್ಲ. ಲೋಡ್ ಹಾಕಿ ಘಾಟಿ ಹತ್ತುವಾಗಲೇ ತೆರೆಯುವುದು. ತೊಪ್ಪೂರಿನಲ್ಲೇ ಯಾಕೆ ಆಗುತ್ತಿತ್ತು ಅಂತ ಆಗ ತಿಳಿಯಿತು.

ಸಂಜೆ ಆಗಿತ್ತು. ಹುಡುಗರು ಮಂಡಕ್ಕಿ, ಮೆಣಸಿನಕಾಯಿ ತಂದರು, ನನಗೂ ಒಂದು ಪೊಟ್ಟಣ. ಮೇಸ್ತ್ರಿ ತಿನ್ನುತ್ತಲೇ ರೇಡಿಯೇಟರ್ ಟ್ಯಾಂಕಿನ ಬಾಯಿಗೆ ಕೈಪಂಪ್ ಸಿಕ್ಕಿಸಿ ಒತ್ತಡ ಕೊಟ್ಟರು, ಕೂಲರ್‌ನಿಂದ ಹೊಗೆ ಹೊರಬರುವ ಪೈಪ್ ಬಿಚ್ಚಿ ಹಾಗೇ ಬಿಟ್ಟರು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೂ ನೀರು ಹೀಗೇ ಕಡಿಮೆ ಆಗುತ್ತದಂತೆ. ಆಯಿಲ್ ಕಡ್ಡಿ ಎಳೆದು ನೋಡಿದರು, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಇಂಜಿನ್ ಓಡುವಾಗ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಿರಲಿಲ್ಲ. ಆದರೂ ಖಾತ್ರಿ ಆಗದೆ ಹೇಳುವುದಿಲ್ಲ ಅಂತ ರಾತ್ರಿ ಪೂರ್ತಿ ಬಿಟ್ಟರು. ನಾನು ಕ್ಯಾಬಿನ್‌ನಲ್ಲೇ ಮಲಗಿದೆ.

ಬೆಳಿಗ್ಗೆ ಆರಕ್ಕೆ ಟಾರ್ಚ್ ಹಿಡಿದು ಕರೆದರು. ಪೈಪ್ ಬಾಯಲ್ಲಿ ಒಂದು ಚಮಚದಷ್ಟು ನೀರು. ಬೆರಳು ಒಳಗೆ ಹಾಕಿ ಸ್ವಲ್ಪ ಮಸಿ ತೆಗೆದು ನನ್ನ ಅಂಗೈಗೆ ಹಚ್ಚಿದರು. ಮಸಿ ಅಂದರೆ ಒಣಗಿರಬೇಕು, ದೀಪದ ಕಪ್ಪಿನ ಹಾಗೆ ಉದುರಬೇಕು. ಇದು ಬೆಲ್ಲದ ಪಾಕದ ಹಾಗೆ ಅಂಟು, ಮೇಲೆ ಹೊಳಪು. ‘ಒಣ ಮಸಿ ಇಂಜಿನ್‌ದು, ಅಂಟು ಮಸಿ ಕೂಲರ್‌ದು’ ಅಂದರು. ನೀರು ಸೇರಿದ ಮಸಿ ನಳಿಗೆಗಳಲ್ಲಿ ಅಂಟುತ್ತಾ ಅಂಟುತ್ತಾ ದಾರಿ ಕಟ್ಟಿಬಿಟ್ಟಿತ್ತು.

ಕೂಲರ್ ಬಿಚ್ಚಿದರು. ಅದರ ಪರೀಕ್ಷೆ ಇಡೀ ಕೆಲಸದಲ್ಲಿ ನಾನು ಮರೆಯದ ಭಾಗ. ಎರಡೂ ಬದಿಗೆ ರಬ್ಬರ್ ಇಟ್ಟು ಪ್ಲೇಟ್ ಬಿಗಿದು, ಗಾಳಿ ಪೈಪ್ ಹಾಕಿ, ನೀರು ತುಂಬಿದ ಅರ್ಧ ಡ್ರಮ್‌ನಲ್ಲಿ ಮುಳುಗಿಸಿದರು. ಹತ್ತು ನಿಮಿಷ ಕಾದೆವು. ಒಂದು ಗುಳ್ಳೆ ಇಲ್ಲ. ಕೂಲರ್ ಚೆನ್ನಾಗಿದೆ ಅಂತ ನಾನೇ ಹೇಳಿಬಿಟ್ಟೆ. ಮೇಸ್ತ್ರಿಯವರ ತಮ್ಮ ಡ್ರಮ್ ಕೆಳಗೆ ಸೌದೆ ಒಟ್ಟಿ ಬೆಂಕಿ ಹಾಕಿದರು. ನೀರಿನಿಂದ ಆವಿ ಏಳುವ ಹೊತ್ತಿಗೆ ಕೂಲರ್‌ನ ಒಂದು ಮೂಲೆಯಿಂದ, ಹೊಗೆ ಒಳಗೆ ಬರುವ ಬದಿಯಲ್ಲಿ, ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು, ದಾರ ಬಿಟ್ಟ ಹಾಗೆ ಮೇಲಕ್ಕೆ ಬಂದವು. ಬಿಸಿಯಾದಾಗ ಲೋಹ ಹಿಗ್ಗುತ್ತದೆ, ಬಿರುಕು ತೆರೆಯುತ್ತದೆ. ತಣ್ಣಗಾದರೆ ಮುಚ್ಚಿಕೊಳ್ಳುತ್ತದೆ. ತಣ್ಣೀರಿನಲ್ಲಿ ಮಾತ್ರ ನೋಡಿ ಚೆನ್ನಾಗಿದೆ ಅಂತ ವಾಪಸ್ ಹಾಕುವವರೂ ಇದ್ದಾರಂತೆ.

ಬಿರುಕು ಯಾಕೆ ಬಂತು ಅಂತಲೂ ತೋರಿಸಿದರು. ನೀರು ಓಡುವ ಬದಿಯ ಬಾಯಲ್ಲಿ ಬಿಳಿ ಪದರ ಕಟ್ಟಿತ್ತು, ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಹಾಗೆ. ನಮ್ಮ ಕಡೆ ಬೋರ್ ನೀರು ಗಡುಸು. ಆ ಪದರ ಇದ್ದ ಕಡೆ ನೀರು ತಾಗುವುದಿಲ್ಲ, ಒಳಗೆ ನೂರಾರು ಡಿಗ್ರಿ ಬಿಸಿಯ ಹೊಗೆ. ಲೋಹ ಎಷ್ಟು ದಿನ ತಡೆದೀತು? ತಪ್ಪು ನನ್ನದೇ ಇತ್ತು. ಕೂಲೆಂಟ್ ದುಬಾರಿ ಅಂತ ಎರಡು ವರ್ಷದಿಂದ ನೀರೇ ಹಾಕಿಕೊಂಡು ಬಂದಿದ್ದೆ.

ಇನ್ನೊಂದು ಮಾತು ಕೇಳಿ ನನಗೆ ಬೆವರು ಬಂತು. ಬಿರುಕು ದೊಡ್ಡದಾದರೆ ಗಾಡಿ ನಿಂತಿದ್ದಾಗ ನೀರು ಇಜಿಆರ್ ದಾರಿಯಿಂದ ಸಿಲಿಂಡರ್ ಒಳಗೆ ಇಳಿಯಬಹುದು. ಗಾಳಿಯನ್ನು ಪಿಸ್ಟನ್ ಒತ್ತಬಹುದು, ನೀರನ್ನು ಒತ್ತಲಾಗದು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಗೆ ಇಂಜಿನ್ ಕೆಲಸ, ಲಕ್ಷಗಳ ಮಾತು. ಡಮ್ಮಿ ಪ್ಲೇಟ್ ಹೊಡೆಸಿ ಕೋಡ್ ಅಳಿಸಿದ್ದರೆ ಕೂಲರ್ ಕಡೆ ಯಾರೂ ತಲೆ ಹಾಕುತ್ತಿರಲಿಲ್ಲ, ಅಲ್ವಾ?

ಕೂಲರ್‌ಗೆ ವೆಲ್ಡಿಂಗ್ ಮಾಡಿಸಬಹುದಾ ಅಂತ ಕೇಳಿದೆ. ಒಂದು ಬಿರುಕು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಬರುತ್ತದೆ, ಬೇಡ ಅಂದರು. ಹೊಸ ಕೂಲರ್ ಬೆಂಗಳೂರಿನಿಂದ ಬರಬೇಕಾಯಿತು. ಅದಕ್ಕೆ ಒಂದು ದಿನ ಪೂರ್ತಿ ಹೋಯಿತು. ಆ ಹೊತ್ತಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ತೊಳೆದರು. ಒಳಗೆ ಮಸಿ ಎರಡು ಬೆರಳು ದಪ್ಪ ಕೂತಿತ್ತು. ರೇಡಿಯೇಟರ್ ಫ್ಲಶ್ ಮಾಡಿ, ಅಳತೆ ಪ್ರಕಾರ ಕೂಲೆಂಟ್ ತುಂಬಿದರು.

ಎಲ್ಲಾ ಕೂರಿಸಿದ ಮೇಲೆ ಮತ್ತೆ ಅದೇ ಐಡ್ಲಿಂಗ್ ಪರೀಕ್ಷೆ. ಇಜಿಆರ್ ತೆರೆದ ಕೂಡಲೇ 118 ಇದ್ದದ್ದು ಸರ್ರನೆ 82ಕ್ಕೆ ಇಳಿಯಿತು. ಇಂಜಿನ್ ಸದ್ದು ಗಡಸಾಯಿತು, ಕ್ಯಾಬಿನ್ ಸ್ವಲ್ಪ ನಡುಗಿತು. ಮುಚ್ಚಿದಾಗ ಮತ್ತೆ ಮೆತ್ತಗಾಯಿತು. ಆ ನಡುಕ ಕೇಳಿ ನನಗೆ ಎಷ್ಟು ನೆಮ್ಮದಿ ಆಯಿತು ಅಂತ ಹೇಳಲಾರೆ.

ಬಿಲ್ ಹೀಗಿತ್ತು. ಕೂಲರ್ 26,500. ಹೋಸ್ 1,900. ಗ್ಯಾಸ್ಕೆಟ್, ಕ್ಲಾಂಪ್ 1,150. ಕೂಲೆಂಟ್ 4,200. ಕೂಲಿ 6,500. ಪರೀಕ್ಷೆ ಮಾಡಿದ್ದಕ್ಕೆ 1,500. ಒಟ್ಟು 41,750. ಪರೀಕ್ಷೆಯ 1,500 ಮೊದಲೇ ಹೇಳುತ್ತಾರೆ, ರಿಪೇರಿ ಮಾಡಿಸದಿದ್ದರೂ ಅದನ್ನು ಕೊಡಬೇಕು. ಇದಕ್ಕೆ ಕೆಲವರು ಗೊಣಗುತ್ತಾರೆ. ನನ್ನ ಪ್ರಕಾರ ಅದು ಬಿಲ್ಲಿನಲ್ಲೇ ಅತಿ ನ್ಯಾಯವಾದ ದುಡ್ಡು. ಪರೀಕ್ಷೆ ಪುಕ್ಕಟೆ ಅಂದವರ ಹತ್ತಿರ ನಾನು 37,500 ಕಳೆದುಕೊಂಡೆ.

ಬೇಸರದ ಸಂಗತಿಗಳೂ ಇವೆ. ಫೋನ್ ಎತ್ತುವುದಿಲ್ಲ, ಹೋಗಿಯೇ ಕೇಳಬೇಕು. ನಾನು ಹೋದಾಗ ಎರಡು ಗಾಡಿ ಮುಂದೆ ಇದ್ದವು, ಮಧ್ಯಾಹ್ನದವರೆಗೆ ಕಾದೆ. ಬಿಲ್ ಕೈಯಲ್ಲಿ ಬರೆದದ್ದು, ಫ್ಲೀಟ್ ಇರುವವರಿಗೆ ಅದು ಸಾಲದು. ಸ್ನಾನಕ್ಕೆ, ಶೌಚಕ್ಕೆ ಪಕ್ಕದ ಪೆಟ್ರೋಲ್ ಬಂಕಿಗೇ ಹೋಗಬೇಕು. ಪಾರ್ಟ್ ಬರಲು ಒಂದು ದಿನ ಬೇಕು ಅಂತ ಮೊದಲೇ ಹೇಳಿದ್ದರೆ ನಾನು ಲೋಡ್ ಒಪ್ಪಿಕೊಳ್ಳುತ್ತಿರಲಿಲ್ಲ, ಒಂದು ಬಾಡಿಗೆ ತಪ್ಪಿತು. ಮತ್ತೆ ಬಿಎಸ್6 ಗಾಡಿಗಳನ್ನು ಅವರು ಮುಟ್ಟುವುದಿಲ್ಲ. ಅದರಲ್ಲಿ ಇಜಿಆರ್ ಜೊತೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಯೂರಿಯಾ ಎಲ್ಲಾ ಸೇರಿರುತ್ತದೆ, ತಮ್ಮ ಸ್ಕ್ಯಾನರ್ ಅಷ್ಟು ಒಳಗೆ ಹೋಗುವುದಿಲ್ಲ ಅಂತ ಅವರೇ ಹೇಳುತ್ತಾರೆ. ಗೊತ್ತಿಲ್ಲದ್ದಕ್ಕೆ ಕೈ ಹಾಕದ ಆ ಗುಣ ನನಗೆ ಇಷ್ಟ ಆಯಿತು.

ಆಮೇಲೆ ಐದು ಟ್ರಿಪ್ ಆಗಿದೆ. ಲೈಟ್ ಬಂದಿಲ್ಲ. ಕೂಲೆಂಟ್ ಟ್ಯಾಂಕಿಗೆ ಮೇಸ್ತ್ರಿ ಮಾರ್ಕರ್‌ನಿಂದ ಗೆರೆ ಎಳೆದಿದ್ದರು, ನೀರು ಆ ಗೆರೆಯಲ್ಲೇ ಇದೆ. ಕೆಟ್ಟಿದ್ದಾಗ ಲೀಟರಿಗೆ 3.4 ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಈಗ 4 ಕೊಡುತ್ತಿದೆ. ಹೋಗಿ ಬರುವ ದಾರಿ ಹೆಚ್ಚು ಕಡಿಮೆ 1,040 ಕಿಲೋಮೀಟರ್. ಟ್ರಿಪ್‌ಗೆ 46 ಲೀಟರ್ ಡೀಸೆಲ್ ಉಳಿತಾಯ, ಲೀಟರಿಗೆ 90ರ ಲೆಕ್ಕ ಹಿಡಿದರೆ ನಾಲ್ಕು ಸಾವಿರದ ಮೇಲೆ. ಹತ್ತು ಹನ್ನೊಂದು ಟ್ರಿಪ್‌ನಲ್ಲಿ ಮೇಸ್ತ್ರಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತದೆ.

ನೀವು ಹೋಗುವುದಾದರೆ ಗಾಡಿಯನ್ನು ಬೆಳಿಗ್ಗೆ ಎಂಟರ ಒಳಗೆ ನಿಲ್ಲಿಸಿ, ತಣ್ಣಗಿರುವಾಗ ನೋಡುವುದು ಅವರಿಗೆ ಬೇಕು. ಬೇರೆ ಕಡೆ ಬದಲಿಸಿದ ಹಳೇ ಪಾರ್ಟ್ ಇದ್ದರೆ ಎಸೆಯದೆ ತೆಗೆದುಕೊಂಡು ಹೋಗಿ. ಕೋಡ್‌ಗಳನ್ನು ಅಳಿಸಿಕೊಂಡು ಹೋಗಬೇಡಿ. ಟ್ರಿಪ್‌ಗೆ ಎಷ್ಟು ನೀರು ಹಾಕಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೊದಲು ಅದನ್ನೇ ಕೇಳುತ್ತಾರೆ.